ಒಂಬತ್ತನೆಯ ಪುಸ್ತಕ

ರಂಗಮಂದಿರ, ವೇಷಭೂಷಣದ ಕೋಣೆ
ಮಾರ್ಚ್ ಹನ್ನೆರಡು, ಮಂಗಳವಾರ

ನನ್ನ ಮುದ್ದಿನ ತಂಗೀ,

ಹೇಗಿದ್ದೀಯೇ? ಮಂಡಿ ನೋವು ಇಳಿಯಿತೇ? ಪಾಠ ಮಾಡುವಾಗ ಕುರ್ಚಿಯಲ್ಲಿ ಕೂತುಕೋ ಎಂದರೆ ಕೇಳುವವಳಲ್ಲ ನೀನು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಗಂಟಲಿಗೂ ಏನೂ ಆಗಿಲ್ಲ. ನಿನ್ನೆ ನಾನು ಸೀನಿದ ಅಬ್ಬರಕ್ಕೆ ನಮ್ಮ ದರ್ಜಿ ಬೆಚ್ಚಿಬಿದ್ದು ಬೆರಳಿಗೆ ಸೂಜಿ ಚುಚ್ಚಿಕೊಂಡ.

ಈಗ ಪರದೆ ಸರಿಸುತ್ತೇನೆ, ಕೇಳು! ಹೋದ ವರ್ಷ ಇದೇ ಕೋಣೆಯಲ್ಲಿ, ಕಿರೀಟದ ಪೆಟ್ಟಿಗೆಯ ಮೇಲೆ ಕೂತು ನೀನು, "ಪುರಾಣ, ಹಳೇ ಕಾವ್ಯ ಎಲ್ಲಿಂದ ಶುರು ಮಾಡ್ಬೇಕು ಅಂತ ಮಕ್ಳು ಕೇಳ್ತಾರೆ ಕಣೋ ಅಣ್ಣ, ಒಂದು ಪಟ್ಟಿ ಮಾಡ್ಕೊಡೋ" ಎಂದು ಗೋಗರೆದೆ. ನಾನು ಮೂರು ತಿಂಗಳು ಕೂತು ಬರೆದೆ. ಮೊದಲು ಸೃಷ್ಟಿಯ ಕಥೆಗಳು, ಆಮೇಲೆ ಯುದ್ಧದ ಮಹಾಕಾವ್ಯ, ಪಕ್ಕದಲ್ಲಿ ಯಾವ ನಿಘಂಟು ಇರಬೇಕು, ಯಾವ ಅನುವಾದವನ್ನು ಕೈಯಲ್ಲೂ ಮುಟ್ಟಬಾರದು... ಹನ್ನೆರಡು ಪುಸ್ತಕ, ಒಂದೊಂದಕ್ಕೂ ಒಂದು ಪುಟ ಟಿಪ್ಪಣಿ. ಒಂಬತ್ತನೆಯದಾಗಿ ಮಾತ್ರ, ನನ್ನಷ್ಟಕ್ಕೇ ನಗುತ್ತಾ, 'ಮಹಾಘೋಷ ಸಂಹಿತೆ' ಎಂದು ಬರೆದೆ. ಅಪ್ಪ ರಂಗದ ಮೇಲೆ ಮಾತು ಮರೆತಾಗಲೆಲ್ಲ ಗದೆ ಎತ್ತಿ, "ಮಹಾಘೋಷ ಸಂಹಿತೆಯಲ್ಲಿ ಹೇಳಿಲ್ಲವೇ!" ಎಂದು ಗುಡುಗಿ, ಬಾಯಿಗೆ ಬಂದ ನಾಲ್ಕು ಸಾಲು ಹೊಸೆಯುತ್ತಿದ್ದರಲ್ಲ, ಆ ಪುಸ್ತಕ! ಜಗತ್ತಿನಲ್ಲೇ ಇಲ್ಲದ ಪುಸ್ತಕ! ನಾವಿಬ್ಬರೂ ಪರದೆಯ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು. ನೀನು ಪಟ್ಟಿ ಓದಿ, ಫೋನ್ ಮಾಡಿ, "ಲೋ ಕಳ್ಳಾ!" ಎನ್ನುತ್ತೀ ಎಂದು ಕಾದೆ. ಫೋನ್ ಬರಲಿಲ್ಲ.

ಬಂದವಳು ನಿನ್ನ ವಿದ್ಯಾರ್ಥಿನಿ, ಮೊನ್ನೆ. ಹಳೇ ಪುಸ್ತಕ ನಾಟಕದವರ ಹತ್ತಿರ ಇದ್ದೀತು ಎಂದು ಲೈಬ್ರರಿಯವರು ಕಳಿಸಿದ್ದರಂತೆ. "ಅಜ್ಜಾ, ಮೂರು ಲೈಬ್ರರಿ ಸುತ್ತಿದೆ, ಒಂಬತ್ತನೇದು ಎಲ್ಲೂ ಸಿಗ್ತಿಲ್ಲ" ಎಂದು ನಿನ್ನ ಹೊಸ ಪುಸ್ತಕವನ್ನು ನನ್ನ ಕೈಗಿಟ್ಟಳು. ನನ್ನದೇ ಹನ್ನೆರಡು ಪುಟ! ಅಕ್ಷರ ಬದಲಾಗಿಲ್ಲ! ಮುಖಪುಟದಲ್ಲಿ ನಿನ್ನ ಹೆಸರು. ನನ್ನದು ಹುಡುಕಿದೆ, ಕೃತಜ್ಞತೆಯ ಪುಟದಲ್ಲೂ ಇಲ್ಲ. ಹೋಗಲಿ ಎಂದುಕೊಂಡೆ ಕಣೇ, ಆಣೆ ಮಾಡಿ ಹೇಳುತ್ತೇನೆ. ನಲವತ್ತು ವರ್ಷ ಅಣ್ಣನ ಹೆಗಲ ಮೇಲೆ ಕೂತವಳು, ಇನ್ನೊಂದು ಸಲ ಕೂತಳು. ಆದರೆ ಒಂಬತ್ತನೆಯದರ ಕೆಳಗೆ ನೀನೇ ಒಂದು ಸಾಲು ಸೇರಿಸಿದ್ದೀಯ: 'ಇದನ್ನು ಮೂಲದಲ್ಲಿ ಎರಡು ಸಲ ಓದಿದ್ದೇನೆ.' ಎರಡು ಸಲ! ಎಲ್ಲಿ ಓದಿದೆ ತಾಯೀ? ನನ್ನ ಹೆಸರು ಬಿಟ್ಟಿದ್ದಕ್ಕೆ ಸಿಟ್ಟಷ್ಟೇ ಬಂದಿತ್ತು. ಅಪ್ಪನ ಆ ಗುಡುಗು ನಿನಗೆ ನೆನಪೇ ಇಲ್ಲ ಎಂದು ತಿಳಿದಾಗ ಮಾತ್ರ, ಪುಸ್ತಕ ಮುಚ್ಚಿ ಆ ಹುಡುಗಿಯ ಕೈಗೆ ವಾಪಸ್ಸು ಕೊಟ್ಟೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನೂರು ಕಾಲ ಬಾಳು. ಸದ್ಯಕ್ಕೆ ಇಷ್ಟೇ.

ನಿನ್ನ ಅಣ್ಣ

ಅಂಚೆಗೆ ಹಾಕುವ ಮುಂಚೆ ಇದೊಂದು: ಭಾನುವಾರ ನಿನ್ನ ಪುಸ್ತಕದ ಬಗ್ಗೆ ನಾಲ್ಕು ಮಾತಾಡಿ ಎಂದು ಲೈಬ್ರರಿಯವರು ನನ್ನನ್ನೇ ಕರೆದಿದ್ದಾರೆ, ಒಪ್ಪಿದ್ದೇನೆ. ಆ ಹುಡುಗಿ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತಾಳೆ. ಶನಿವಾರದೊಳಗೆ ಬಾ, ಇಬ್ಬರೂ ಒಟ್ಟಿಗೆ ನಿಂತು ನಿಜ ಹೇಳೋಣ. ನೀನು ಬಾರದಿದ್ದರೆ, ಆ ಒಂಬತ್ತನೆಯದನ್ನು ನಾನೂ ಓದಿದ್ದೇನೆ ಎಂದು ಹೇಳಿ ನಿನ್ನ ಮಾನ ಉಳಿಸುತ್ತೇನೆ. ಆಮೇಲೆ ನನಗೆ ತಂಗಿ ಇದ್ದಳು ಎಂದು ಯಾರಿಗೂ ಹೇಳುವುದಿಲ್ಲ.