ನಿಂತ ಯಂತ್ರವನ್ನು ನಿಲ್ಲಿಸಿದವಳ ಪರವಾಗಿ

ತಾಂತ್ರಿಕ ತರಬೇತಿ ಸಂಸ್ಥೆಯ ಮಾನ್ಯ ಪರೀಕ್ಷಾಧಿಕಾರಿಗಳೇ,

ನಿಂತಿದ್ದ ಯಂತ್ರವನ್ನು ಅಕಾರಣವಾಗಿ ನಿಲ್ಲಿಸಿದಳು ಎಂಬ ಆರೋಪದ ಮೇಲೆ ತಾವು ನನ್ನ ವರ್ಕ್‌ಶಾಪಿನ ದುರ್ಗಾಳನ್ನು ಸಿಎನ್‌ಸಿ ಆಪರೇಟರ್ ಪರೀಕ್ಷೆಯಲ್ಲಿ ನಪಾಸು ಮಾಡಿದ್ದೀರಿ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ನಾನು ನಲವತ್ತು ಸಲ ಓದಿದ್ದೇನೆ. ಸಹಿ, ಮೊಹರು, ಜಾವಕ ಸಂಖ್ಯೆ ಎಲ್ಲವೂ ಸರಿಯಾಗಿಯೇ ಇವೆ. ಅರ್ಥವೊಂದೇ ಸಿಗುತ್ತಿಲ್ಲ.

ಕನ್ನಡದಲ್ಲೇಕೆ ಬರೆಯುತ್ತಿದ್ದಾನೆ ಇವನು ಎಂದು ತಾವು ಹುಬ್ಬೇರಿಸಬಹುದು. ಮರಾಠಿಯಲ್ಲಿ ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರ ಬಂತು, ಆದರೆ ಆ ಉತ್ತರಗಳಲ್ಲಿ ನನ್ನ ಪತ್ರ ಓದಿದ ಗುರುತು ಎಲ್ಲಿಯೂ ಇರಲಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ ತಾಯ್ನುಡಿಯಲ್ಲೇ ಮನಸಾರೆ ಬೈದರೆ ನನಗಾದರೂ ಹೊಟ್ಟೆ ತಣ್ಣಗಾದೀತು. ಪುಣೆಯಲ್ಲಿ ಕನ್ನಡ ಓದುವವರಿಗೇನೂ ಬರವಿಲ್ಲ. ಹೋಟೆಲಿನ ಗಲ್ಲೆಯ ಮೇಲೆ ಕೂತವರಿದ್ದಾರೆ, ಏಳನೇ ಅಂತಸ್ತಿಗೆ ಇಟ್ಟಿಗೆ ಹೊರುವವರಿದ್ದಾರೆ. ಅವರಲ್ಲಿ ಯಾರಾದರೂ ತಮಗೆ ಇದನ್ನು ಓದಿ ಹೇಳಲಿ.

ಮೊದಲು ತಮ್ಮ ಯಂತ್ರದ ವಿಷಯ. ನಾನು ಯಾದಗಿರಿ ಕಡೆಯವ, ಮೂವತ್ತು ವರ್ಷದಿಂದ ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುತ್ತಿದ್ದೇನೆ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಹೇಳಿದಂತೆ ಕೇಳುವ ಒಂದು ಸಿಎನ್‌ಸಿ ಲೇಥನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಕೊಳ್ಳುವ ಮುಂಚೆ ನಾನು ಕೇಳಿದ್ದು ನಾಲ್ಕೇ ಮಾತು. ನಾನು ಮಾಡುವ ಕೆಲಸ ಎಷ್ಟು ದಪ್ಪದ್ದು, ಇದು ಎಷ್ಟು ದಪ್ಪ ಹಿಡಿಯುತ್ತದೆ, ಕೆಟ್ಟರೆ ರಿಪೇರಿಯವನು ಎಲ್ಲಿಂದ ಬರಬೇಕು, ನನ್ನ ಬಾಗಿಲೊಳಗೆ ಹಿಡಿಸುತ್ತದೆಯೇ. ತಮ್ಮ ಖರೀದಿ ಸಮಿತಿ ಮೂರು ಊರು ಸುತ್ತಿ, ಎಲ್ಲಕ್ಕಿಂತ ಹೆಚ್ಚು ಬಟನ್ ಇರುವ ಯಂತ್ರವನ್ನು ಆರಿಸಿತು. ಬಾಗಿಲಲ್ಲಿ ಹಿಡಿಸಲಿಲ್ಲ, ಗೋಡೆ ಒಡೆದಿರಿ. ಒಳಗಿಟ್ಟು ಗೋಡೆ ಕಟ್ಟಿದಿರಿ. ಆಮೇಲೆ ಗೊತ್ತಾಯಿತು, ಅದಕ್ಕೆ ಬೇಕಾದಷ್ಟು ಕರೆಂಟು ತಮ್ಮ ಕಟ್ಟಡಕ್ಕೆ ಮಂಜೂರೇ ಆಗಿಲ್ಲ.

ಅದು ೧೯೯೬ರ ಮಾತು. ಅಂದಿನಿಂದ ಈ ೨೦೦೧ರವರೆಗೆ ಆ ಕೋಣೆಯಲ್ಲಿ ಕರೆಂಟು ಸಿಕ್ಕಿರುವುದು ಏಸಿಗೆ ಮಾತ್ರ. ಯಂತ್ರಕ್ಕೆ ಸೆಕೆ ಆಗಬಾರದಲ್ಲ! ತಾವೂ ತಮ್ಮ ಸಿಬ್ಬಂದಿಯೂ ದಿನಾ ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚುವುದನ್ನು ಕಣ್ಣಾರೆ ನೋಡಿದ್ದೇನೆ. ಹೊರಗೆ ಚಪ್ಪಲಿ ಬಿಟ್ಟು ಬರಬೇಕೆಂಬ ಬೋರ್ಡಿದೆ, ನಾನೂ ಬಿಟ್ಟೆ. ಯಂತ್ರದ ಮೇಲೆ ಬಂದಾಗಿನ ಪ್ಲಾಸ್ಟಿಕ್ ಹಾಗೇ ಇದೆ. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಚೆಂಡು ಹೂವಿನ ಮಾಲೆ ಹಾಕಿ ಕಾಯಿ ಒಡೆಯುತ್ತೀರಂತೆ. ಐದು ವರ್ಷದಲ್ಲಿ ಆ ಯಂತ್ರ ಕುಡಿದಿರುವುದು ತೆಂಗಿನಕಾಯಿ ನೀರೊಂದೇ.

ಇಂಥ ಯಂತ್ರದ ಮೇಲೆ ಪರೀಕ್ಷೆ ನಡೆಸುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಪರೀಕ್ಷೆ ಮುಂದೂಡುತ್ತಿದ್ದರು. ತಾವು ಪ್ರತಿಭಾವಂತರು. ಅಭ್ಯರ್ಥಿ ಪ್ಲಾಸ್ಟಿಕ್ಕಿನ ಮೇಲಿಂದಲೇ ಬಟನ್ ಒತ್ತಿದಂತೆ ಮಾಡಬೇಕು, ಇಲ್ಲದ ಕಬ್ಬಿಣವನ್ನು ಸಿಕ್ಕಿಸಿದಂತೆ ಮಾಡಬೇಕು, ತಾವು ಕೊಟ್ಟ ಕಾಗದದಲ್ಲಿರುವ ಪ್ರೋಗ್ರಾಂ ಓದುತ್ತ ಯಂತ್ರ ಓಡುತ್ತಿದೆಯೆಂದು ಭಾವಿಸಬೇಕು. ಒಬ್ಬ ಅಭ್ಯರ್ಥಿ ಬಾಯಲ್ಲಿ ಘುರ್ರ್ ಎಂದು ಸದ್ದನ್ನೂ ಮಾಡಿದನಂತೆ, ಅವನಿಗೆ ತಾವು ಎರಡು ಅಂಕ ಹೆಚ್ಚು ಕೊಟ್ಟಿರಂತೆ. ಇದು ಯಂತ್ರದ ಪರೀಕ್ಷೆಯೋ ಬಯಲಾಟದ ಪರೀಕ್ಷೆಯೋ?

ಈಗ ದುರ್ಗಾಳ ವಿಷಯ. ಅವಳ ತಾಯಿ ಸಾಬವ್ವ ನಮ್ಮ ಕಡೆಯವಳೇ. ಇಪ್ಪತ್ತೈದು ವರ್ಷದಿಂದ ಪುಣೆಯಲ್ಲಿ ಮಂದಿಯ ಮನೆ ಕಟ್ಟುತ್ತಿದ್ದಾಳೆ. ಕಟ್ಟಡ ಮುಗಿದ ಕೂಡಲೇ ತನ್ನ ತಗಡು-ಪತ್ರಾಸಿನ ಶೆಡ್ಡು ಕಿತ್ತುಕೊಂಡು ಮುಂದಿನ ಕಟ್ಟಡಕ್ಕೆ ನಡೆಯಬೇಕು. ದುರ್ಗಾ ಅಂಥ ಹದಿನಾಲ್ಕು ಶೆಡ್ಡುಗಳಲ್ಲಿ ಬೆಳೆದವಳು. ನನ್ನಲ್ಲಿ ಕಸ ಗುಡಿಸಲು ಬಂದವಳು, ನೋಡನೋಡುತ್ತ ಕೆಲಸ ಕಲಿತಳು. ಇವತ್ತು ಇಪ್ಪತ್ತಾರರ ಹೆಣ್ಣುಮಗಳು ನನ್ನ ಸಿಎನ್‌ಸಿಯನ್ನು ನನಗಿಂತ ಚೆನ್ನಾಗಿ ನಡೆಸುತ್ತಾಳೆ. ಹೇಳಲು ಸಂಕಟವಾಗುತ್ತದೆ, ಆದರೂ ನಿಜ. ಚಿಂಚವಡದ ಕಡೆಯ ಒಂದು ಕಾರ್ಖಾನೆಯವರು ಅವಳ ಕೆಲಸ ನೋಡಿ ಕಾಯಂ ನೌಕರಿ ಕೊಡುತ್ತೇವೆ ಎಂದರು. ಜೊತೆಗೆ ಕಂಪನಿಯ ಸಾಲುಮನೆಗಳ ಚಾಳಿನಲ್ಲಿ ಒಂದು ಖೋಲಿ. ಕಿತ್ತುಕೊಂಡು ಹೋಗಬೇಕಿಲ್ಲದ ನಾಲ್ಕು ಗೋಡೆ. ಕಾಯಿದೆಯಂತೆ ಒಂದು ಸರ್ಟಿಫಿಕೇಟು ಬೇಕು ಅಷ್ಟೇ, ಅದು ತಮ್ಮಲ್ಲಿಂದ ಬರಬೇಕು.

ಪರೀಕ್ಷೆಯ ದಿನ ಸ್ವಾರಗೇಟದಿಂದ ಬಸ್ಸು ಹಿಡಿದು ನಾನೇ ಅವಳನ್ನು ಕರೆತಂದೆ. ಹನ್ನೆರಡು ಮಂದಿ ಇದ್ದರು, ಇವಳೊಬ್ಬಳೇ ಹೆಂಗಸು, ಸರದಿಯಲ್ಲಿ ಕೊನೆಯವಳು. ಕಿಟಕಿಯ ಗಾಜಿನಾಚೆ ನಿಂತು ನಾನು ಅವಳ ಸರದಿಯನ್ನು ಪೂರ್ತಿ ನೋಡಿದೆ, ಕೇಳಿದೆ. ಇಲ್ಲದ ಕಬ್ಬಿಣವನ್ನು ಅವಳು ಎರಡೂ ಕೈಯಲ್ಲಿ ಎತ್ತಿದಳು, ಚಕ್ಕಿನಲ್ಲಿ ಕೂರಿಸಿ ಬಿಗಿದಳು. ಚಕ್ ಎಂದರೆ ಕಬ್ಬಿಣವನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಭಾಗ. ಸುರು ಮಾಡುವ ಬಟನ್ ಒತ್ತಿದಳು. ಕಾಗದ ಓದುತ್ತ ಹೋದಳು. ಏಳನೇ ಸಾಲಿಗೆ ಬಂದದ್ದೇ ತಡ, ಅವಳ ಅಂಗೈ ಟಪ್ಪೆಂದು, ತುರ್ತಿಗೆ ಯಂತ್ರ ನಿಲ್ಲಿಸುವ ಕೆಂಪು ಬಟನ್ನಿನ ಮೇಲೆ ಬಿತ್ತು.

ತಾವು ಕುರ್ಚಿಯಿಂದ ಎದ್ದಿರಿ. "ಮಶೀನ್ ಬಂದ್ ಆಹೆ, ಮಗ ಕಶಾಲಾ ಬಂದ್ ಕೇಲಂಸ?" ಬಂದಾಗಿರುವ ಮಶೀನನ್ನು ಮತ್ತೇಕೆ ಬಂದ್ ಮಾಡಿದೆ ಎಂದು ಕೇಳಿದಿರಿ. ಅವಳು ಮರಾಠಿಯಲ್ಲೇ ಸಾವಧಾನವಾಗಿ ಹೇಳಿದಳು: ಸಾಹೇಬರೇ, ಈ ಸಾಲಿನಲ್ಲಿ ಅಂಕಿ ತಪ್ಪಾಗಿದೆ, ಹೀಗೇ ಬಿಟ್ಟರೆ ಕಬ್ಬಿಣ ಕೊರೆಯುವ ಟೂಲು ಪೂರ್ತಿ ವೇಗದಲ್ಲಿ ಹೋಗಿ ತಿರುಗುವ ಚಕ್ಕಿಗೆ ಬಡಿಯುತ್ತದೆ. ತಾವು ಕಾಗದ ನೋಡಲಿಲ್ಲ. ಯಂತ್ರ ನಿಂತಿರುವುದರಿಂದ ಅಪಾಯವಿಲ್ಲ, ಅಪಾಯವಿಲ್ಲದೆ ಕೆಂಪು ಬಟನ್ ಒತ್ತುವುದು ನಿಯಮಬಾಹಿರ ಎಂದು ಬರೆದುಕೊಂಡಿರಿ. ಹಾಗಾದರೆ ಯಂತ್ರ ಓಡುತ್ತಿದೆಯೆಂದು ಭಾವಿಸಿರಿ ಎಂದದ್ದು ಯಾರು? ಭಾವನೆ ಆರನೇ ಸಾಲಿಗೇ ಮುಗಿಯುತ್ತದೆಂದು ಅವಳಿಗೆ ಹೇಳಿದವರು ಯಾರು?

ಉಳಿದ ಹನ್ನೊಂದು ಜನ ಅದೇ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ, ಅದೇ ಟೂಲನ್ನು ಅದೇ ಚಕ್ಕಿಗೆ ಬಡಿಸಿ, ಕೈಮುಗಿದು ಹೊರಬಂದರು. ಹನ್ನೊಂದು ಜನರೂ ಪಾಸು. ಒಂದೇ ದಿನ ಹನ್ನೊಂದು ಸಲ ಪುಡಿಯಾದ ತಮ್ಮ ಯಂತ್ರವನ್ನು ಹನ್ನೆರಡನೆಯ ಸಲ ಉಳಿಸಿದವಳು ಫೇಲು.

ಮರುಮೌಲ್ಯಮಾಪನ ಕೇಳಿದೆ. ಅಭ್ಯರ್ಥಿಯು ಪರೀಕ್ಷೆಯಲ್ಲಿ ತಯಾರಿಸಿದ ವಸ್ತುವನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು ಎಂದು ಉತ್ತರ ಬಂತು. ಸರಿ ಎಂದು ನಾನೂ ದುರ್ಗಾಳೂ ಒಂದು ರಟ್ಟಿನ ಪೆಟ್ಟಿಗೆಗೆ ಸುತಳಿ ಕಟ್ಟಿ, ಮೇಲೆ ಅವಳ ಕ್ರಮಾಂಕ ಬರೆದು, ಅರ್ಜಿ ತೆಗೆದುಕೊಳ್ಳುವ ತಮ್ಮ ಆವಕ ಖಿಡಕಿಗೆ ಒಯ್ದೆವು. ಅಲ್ಲಿ ಕೂತಿದ್ದ ಅಂಬಾಬಾಯಿಯವರು ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರು. ಪೆಟ್ಟಿಗೆ ಅಲ್ಲಾಡಿಸಿ ನೋಡಿದರು.

"ಕಾಕಾ, ಇದರಾಗ ಏನೂ ಇಲ್ಲಲ್ರಿ?"

"ಹೌದ್ರಿ ಬಾಯಿ. ಪರೀಕ್ಷೆದಾಗ ಮಾಡಿದ್ದು ಇದೇ ನೋಡ್ರಿ."

"ಹಂಗಾದ್ರ ಜ್ವಾಕಿ ಹಿಡೀರಿ, ಬಿದ್ದಗಿದ್ದೀತು," ಎಂದು ಅವರು ಗಂಭೀರವಾಗಿಯೇ ಮೊಹರು ಒತ್ತಿದರು. ತಮ್ಮ ಕಚೇರಿಯಲ್ಲಿ ನನ್ನ ಮಾತನ್ನು ಪೂರ್ತಿ ಅರ್ಥ ಮಾಡಿಕೊಂಡವರು ಅವರೊಬ್ಬರೇ.

ಮೂರು ವಾರಕ್ಕೆ ಪೆಟ್ಟಿಗೆ ವಾಪಸು ಬಂತು. ಎಣ್ಣೆ ಸವರದೆ ಕೊಟ್ಟ ಕಾರಣ ವಸ್ತುವು ತುಕ್ಕು ಹಿಡಿದಿದ್ದು, ಅಳತೆ ತೆಗೆಯಲು ಬಾರದು ಎಂದು ಒಳಗೊಂದು ಚೀಟಿ ಇತ್ತು. ನಾನು ನಗಬೇಕೋ ಅಳಬೇಕೋ ತಿಳಿಯದೆ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ದುರ್ಗಾ ಮಾತ್ರ ಬಿದ್ದುಬಿದ್ದು ನಕ್ಕಳು. ಆಮೇಲೆ ಮುಖ ತೊಳೆದು ಬರುತ್ತೇನೆಂದು ನಳದ ಕಡೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಪಾಸಾದ ಹನ್ನೊಂದರಲ್ಲಿ ದತ್ತು ಎಂಬವನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪಾಪ, ಒಳ್ಳೆಯ ಹುಡುಗ. ಈಗ ಪ್ರತಿ ಭಾನುವಾರ ನಮ್ಮಲ್ಲಿಗೆ ಬಂದು ಫೇಲಾದವಳ ಮುಂದೆ ನಿಲ್ಲುತ್ತಾನೆ. "ಅಕ್ಕಾ, ಸುರು ಮಾಡೂದು ಗೊತ್ತದ. ಯಾವಾಗ ನಿಲ್ಲಸಬೇಕು ಅನ್ನೂದು ತಿಳೀವಲ್ದು. ಭಾಳ ಅಂಜಿಕಿ ಬರ್ತದ." ಅವಳು ತಾಳ್ಮೆಯಿಂದ ಹೇಳಿಕೊಡುತ್ತಾಳೆ. ತಮ್ಮ ಸಂಸ್ಥೆಯ ಕೆಲಸವನ್ನು ನನ್ನ ಹತ್ತಡಿ ಅಗಲದ ವರ್ಕ್‌ಶಾಪಿನಲ್ಲಿ ಒಬ್ಬ ನಪಾಸಾದ ಹೆಂಗಸು ಪುಕ್ಕಟೆ ಮಾಡುತ್ತಿದ್ದಾಳೆ, ತಮಗೆ ತಿಳಿದಿರಲಿ.

ಕಾರ್ಖಾನೆಯವರು ದೊಡ್ಡ ಮನಸ್ಸಿನವರು. ಇನ್ನೊಂದು ಜಾಗವನ್ನು ಮುಂದಿನ ಪರೀಕ್ಷೆಯವರೆಗೆ ಇವಳಿಗಾಗಿ ಇಟ್ಟಿದ್ದಾರೆ, ಅದರಾಚೆ ಒಂದು ದಿನವೂ ಇಲ್ಲವಂತೆ. ಆ ಪರೀಕ್ಷೆ ಮುಂದಿನ ತಿಂಗಳು. ನಿನ್ನೆ ಅರ್ಜಿ ತುಂಬುತ್ತಿದ್ದ ದುರ್ಗಾ ತಲೆ ಎತ್ತದೆಯೇ ಕೇಳಿದಳು.

"ಕಾಕಾ, ಈ ಸರ್ತಿನೂ ಅದೇ ಕಾಗದ ಕೊಟ್ರ ಏನ್ ಮಾಡ್ಲಿ? ಬಡೀಲಿ ಅಂತ ಬಿಟ್ಟಬಿಡ್ಲೇನ್ರಿ?"

ನಿಲ್ಲಿಸು ಎಂದರೆ ಅವಳ ಖೋಲಿ ಹೋಗುತ್ತದೆ, ಸಾಬವ್ವ ಹದಿನೈದನೇ ಶೆಡ್ಡಿಗೆ ನಡೆಯುತ್ತಾಳೆ. ಬಿಡು ಎಂದರೆ, ಅಪಾಯ ಕಂಡೊಡನೆ ತಾನಾಗಿ ಕೆಂಪು ಬಟನ್ನಿಗೆ ಹೋಗುವ ಆ ಕೈಯನ್ನು ನಾನೇ ಹಿಡಿದು ಹಿಂದಕ್ಕೆ ಎಳೆದಂತಾಗುತ್ತದೆ. ಒಮ್ಮೆ ಹಿಂಜರಿಯಲು ಕಲಿತ ಕೈ ನಾಳೆ ನಿಜವಾಗಿ ಓಡುವ ಯಂತ್ರದ ಮುಂದೆಯೂ ಹಿಂಜರಿದೀತು. ಆಗ ಸಿಡಿದ ಕಬ್ಬಿಣ ಹೋಗಿ ಬೀಳುವುದು ಅವಳ ಮುಖದ ಮೇಲೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಯಂತ್ರಕ್ಕೆ ಕರೆಂಟು ಕೊಟ್ಟು ಅವಳನ್ನು ಪರೀಕ್ಷಿಸಿ. ಅದು ಆಗದಿದ್ದರೆ, ಟೂಲು ಬಡಿಯುವುದು ಕಂಡರೂ ನೀನು ನಿಲ್ಲಿಸತಕ್ಕದ್ದಲ್ಲ ಎಂದು ತಮ್ಮ ಕೈಯಾರೆ ಬರೆದು, ಸಹಿ ಹಾಕಿ, ದುರ್ಗಾಳ ಹೆಸರಿಗೆ ಕಳಿಸಿ. ಅವಳು ಹೇಳಿದ ಮಾತು ಕೇಳುವ ಹುಡುಗಿ, ತಾವು ಬರೆದಂತೆಯೇ ಮಾಡುತ್ತಾಳೆ. ಆ ಮಾತನ್ನು ಅವಳಿಗೆ ನನ್ನ ಬಾಯಿಂದ ಹೇಳಲು ನನ್ನಿಂದ ಆಗುವುದಿಲ್ಲ.

ಇಂತಿ,
ತಮ್ಮ ಪರೀಕ್ಷೆಗೆ ಕೂತರೆ ಏಳನೇ ಸಾಲಿನಲ್ಲೇ ಫೇಲಾಗುವ
ಈರಬಸಪ್ಪ
ಗುಲ್ಟೇಕಡಿ, ಪುಣೆ