ಹಿಂದಿನ ಕಿಟಕಿಗೆ ಕೈಬೀಸಿದವರು

ಟಿಮರೂ, ನ್ಯೂಜಿಲೆಂಡ್
ಮೇ ೧೪

ಮಾನ್ಯ ಗ್ಲೆನಿಸ್ ಟಿಪೆಟ್ ಅವರಿಗೆ,

ನಿಮ್ಮ ಹಳೆಯ ಮೋಟರ್‌ಹೋಮನ್ನು ನಿನ್ನೆ ಓಡಿಸಿ ನೋಡಿದೆವು. ಎಂಜಿನ್ ಚೆನ್ನಾಗಿದೆ, ಚಾವಣಿ ಸೋರುವುದಿಲ್ಲ. ತಿಂಗಳ ಕೊನೆಗೆ ನಾವು ಬಾಡಿಗೆ ಮನೆ ಬಿಟ್ಟು ಗಾಡಿಯಲ್ಲೇ ವಾಸಿಸಬೇಕು. ಇಬ್ಬರು ಮಕ್ಕಳು, ನಾಯಿ, ಬೆಕ್ಕು ಎಲ್ಲರಿಗೂ ಜಾಗ ಸಾಲುವ ಬೇರೆ ಗಾಡಿ ಸಿಕ್ಕಿಲ್ಲ.

ಒಂದು ಸಂಗತಿ ಹೇಳಬೇಕು. ಎದುರಿನಿಂದ ಬಂದ ಮೋಟರ್‌ಹೋಮಿನವರು ವಾಡಿಕೆಯಂತೆ ನಮಗೆ ಕೈಯೆತ್ತಿದರು. ಆದರೆ ದಾಟಿಹೋಗುವಾಗ ಹಿಂದಿನ ಮಂಚದ ಕಿಟಕಿಗೂ ನಗುತ್ತಾ ಕೈಬೀಸಿದರು, ಮಕ್ಕಳಿಗೆ ಬೀಸುವ ಹಾಗೆ. ನಮ್ಮ ಮಕ್ಕಳು ಅಲ್ಲಿರಲಿಲ್ಲ; ಮುಂದೆ ನನ್ನ ಬೆನ್ನ ಹಿಂದೆಯೇ ಬೆಲ್ಟ್ ಹಾಕಿಕೊಂಡು ಕೂತಿದ್ದರು.

ಪೆಟ್ರೋಲ್ ಬಂಕಿನಲ್ಲಿ ಮುದುಕನೊಬ್ಬ ಆ ಕಿಟಕಿ ನೋಡಿ, "ಮೂರು ಮಕ್ಕಳಾ? ನಿನ್ ಪಾಡು ಯಾರಿಗೂ ಬೇಡ ಕಣಮ್ಮ!" ಎಂದು ನಕ್ಕ.

ನನ್ನ ಗಂಡ ಫರ್ಗಸ್, "ಈ ಗಾಡಿ ಬೇಡ, ವಾಪಸ್ ಕೊಟ್ಬಿಡೋಣ" ಎಂದ.

ಅಷ್ಟರಲ್ಲಿ ಕಿರಿಯ ಮಗಳು ಟಿಲ್ಡಾ, "ಅಮ್ಮಾ, ಅವಳಿಗೆ ಚಳಿ ಆಗ್ತಿದೆಯಂತೆ. ಹೊದ್ಕೊಳ್ಳೋಕೆ ಏನಾದ್ರೂ ಕೊಡು" ಎಂದಳು.

ಹಿಂದೆ ಹೋಗಿ ನೋಡಿದೆ. ಬರಿಯ ಹಾಸಿಗೆಯ ಮೇಲೆ ನಮ್ಮ ನಾಯಿ ಯಾರಿಗೋ ಜಾಗ ಬಿಟ್ಟು ಅಂಚಿಗೆ ಮಲಗಿ, ಬಾಲ ಅಲ್ಲಾಡಿಸುತ್ತಿತ್ತು.

ಆ ಮಗು ಯಾರೆಂದು ನಾನು ಕೇಳುವುದಿಲ್ಲ. ಕೀಲಿ ಕೊಡುವಾಗ ನೀವು ಆ ಕಿಟಕಿಯನ್ನೇ ನೋಡುತ್ತಿದ್ದುದು ನೆನಪಿದೆ.

ಫರ್ಗಸ್ ಕೂಡ ಕೊನೆಗೆ ಒಪ್ಪಿದ; ಗಾಡಿಯನ್ನು ಕೊಳ್ಳಲು ತೀರ್ಮಾನಿಸಿದ್ದೇವೆ. ಶನಿವಾರ ಬರುತ್ತೇವೆ. ನಮ್ಮ ಮಕ್ಕಳು ಮುಂದಿನ ಮಂಚದಲ್ಲಿ ಮಲಗುತ್ತಾರೆ. ಹಿಂದಿನ ಮಂಚದ ಹೊದಿಕೆಯನ್ನು ನೀವು ತೆಗೆದಿಟ್ಟುಕೊಂಡಿದ್ದರೆ, ದಯವಿಟ್ಟು ಮೊದಲಿದ್ದಂತೆ ಅಲ್ಲೇ ಇಡಿ.

ಇಂತಿ,
ಇಯೋನಾ ಮ್ಯಾಕ್‌ರೇ