ಫಟಫಟಿಯ ಮುಂದಿನ ಸ್ಪ್ರಿಂಗ್

ನಾರಾಯಣಪೇಟೆ
೨೦ ನವೆಂಬರ್ ೧೯೪೯, ಆದಿತ್ಯವಾರ

ಪ್ರೀತಿಯ ತಾಯಣ್ಣಾ,

ನಿನ್ನ ತಮ್ಮ ನಾಗಯ್ಯ ಕೈಮುಗಿದು ಬರೆಯುವುದು. ಮೈಯಲ್ಲಿ ಆರಾಮವಿದ್ದೀಯಾ? ಅತ್ತಿಗೆಯ ಕೆಮ್ಮು ಇಳಿಯಿತೇ? ರಾಯಚೂರಿನ ನೀರು ಅವರಿಗೆ ಒಗ್ಗುವುದಿಲ್ಲ, ಕಾಯಿಸಿ ಕುಡಿಯಲು ಹೇಳು. ಅಮ್ಮ ನನ್ನ ಹತ್ತಿರ ಚೆನ್ನಾಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿದ್ದರೂ ಕೂತಲ್ಲೇ ಉಣ್ಣೆ ನೂಲುತ್ತಾಳೆ, ನನ್ನನ್ನು ಬೈಯುವುದಕ್ಕೇನೂ ಕಡಿಮೆ ಮಾಡಿಲ್ಲ. ನೀನು ಮಾತ್ರ ಒಂದು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿದ್ದೀಯ. ಅಪ್ಪನ ವರ್ಷದ ಎಡೆಗೂ ಬರಲಿಲ್ಲ, ನಾನಿರುವ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿಕಳಿಸಿದೆ. ತಪ್ಪು ನನ್ನದೆಂದು ತಲೆ ತಗ್ಗಿಸಿದ್ದೆ. ಇವತ್ತು ತಗ್ಗಿಸುವುದಿಲ್ಲ. ಪೂರ್ತಿ ಓದು.

ಮೊನ್ನೆ ಮಕ್ತಲದ ಔಡಲ ವ್ಯಾಪಾರಿ ನರಸಯ್ಯ ಒಂದು ಫಟಫಟಿ ಮೋಟರ್ ಸೈಕಲ್ಲನ್ನು ನನ್ನ ರಿಪೇರಿ ಅಂಗಳಕ್ಕೆ ತಂದು ನಿಲ್ಲಿಸಿದ. ಈ ಊರಿನವರು ಯಾರೂ ಈಗ ನನ್ನ ಕೈಗೆ ಗಾಡಿ ಕೊಡುವುದಿಲ್ಲ, ಅವನಿಗೆ ಅದು ಗೊತ್ತಿರಲಿಲ್ಲ. "ಮುಂದ ಎಣ್ಣಿ ಸೋರಾಕ ಹತ್ತೈತಿ, ಸ್ವಲ್ಪ ನೋಡ್ರಿ" ಅಂದ. ನೋಡುವುದೇನು, ಬಾಗಿಲಲ್ಲೇ ಗುರುತು ಸಿಕ್ಕಿತು. ನಿನ್ನದೇ ಗಾಡಿ.

ಮುಂದಿನ ಗಾಲಿ ಹಿಡಿಯುವ ಆ ಫೋರ್ಕನ್ನು ನಾವಿಬ್ಬರೂ ಎಷ್ಟು ಪ್ರೀತಿಯಿಂದ ಕೂಡಿಸಿದ್ದೆವೋ! ಹಳೆಯದು ಗುಂಡಿಗೊಮ್ಮೆ ಹಲ್ಲು ಕಡಿಸುತ್ತಿತ್ತು. ಸಿಕಂದರಾಬಾದಿನ ಮಿಲಿಟರಿ ಗುಜರಿಯಿಂದ ನಾನು ಜೋಡಿ ಕೊಳವೆಯ ಫೋರ್ಕ್ ಹೊತ್ತು ತಂದೆ. ಒಳಗಿನ ಸ್ಪ್ರಿಂಗ್ ಮೂರು ಜನರ ಭಾರಕ್ಕೆ ಸಾಲದೆಂದು ಮೇಲೆ ಒಂದೊಂದು ಹಿತ್ತಾಳೆ ಉಂಗುರ ಕೂರಿಸಿ ಬಿಗಿ ಮಾಡಿದೆ. ಎಣ್ಣೆ ಸಿಗಲಿಲ್ಲ, ಔಡಲೆಣ್ಣೆ ಹೊಯ್ದರೆ ಫೋರ್ಕ್ ಕಟ್ಟಿಗೆಯಂತೆ ನಿಂತುಬಿಟ್ಟಿತು, ಚಿಮಣಿ ಎಣ್ಣೆ ಬೆರೆಸಿ ಬೆರೆಸಿ ಹದಕ್ಕೆ ತಂದೆ. ಸೋರದಂತೆ ಬಾಯಿಗೆ ಅಮ್ಮನ ಹಳೆಯ ಕಂಬಳಿಯ ಚೂರು ಸುತ್ತಿದೆ. ಹಿಂದೆ ಶೇಂಗಾ ಚೀಲ ಕಟ್ಟಿಕೊಂಡು ನೀನು ಗಟ್ಟುವಿನ ಕಲ್ಲುದಾರಿಯಲ್ಲಿ ಓಡಿಸಿ ಬರುವುದು, ನಾನು ಮತ್ತೆ ಬಿಚ್ಚುವುದು, ಹೀಗೆ ಎಂಟು ದಿನ. ಕೊನೆಗೆ ಅಪ್ಪನೇ ಹಿಂದೆ ಕೂತು ಒಂದು ಸುತ್ತು ಹಾಕಿ ಬಂದು, "ಏ ನಾಗ್ಯಾ, ಹೊಟ್ಟ್ಯಾಗಿನ ನೀರು ಸುದ್ದಾ ಅಲುಗಲಿಲ್ಲಲ್ಲೋ!" ಎಂದು ಚಪ್ಪಾಳೆ ತಟ್ಟಿದ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆ ಕೆಲಸವನ್ನೆಲ್ಲ ಯಾವುದಕ್ಕೆ ಮಾಡಿದ್ದು? ರಜಾಕಾರರ ಗಲಾಟೆ ಹೆಚ್ಚಾಗಿತ್ತು. ಊರಲ್ಲಿ ಅಪ್ಪ ಅಮ್ಮ ಇಬ್ಬರೇ, ಅಮ್ಮನಿಗೆ ನಡೆಯಲಾಗದು. ನಾನು ಇಲ್ಲಿ ನಾರಾಯಣಪೇಟೆಯಲ್ಲಿದ್ದೆ. ನೀನು ಗದ್ವಾಲದಲ್ಲಿ ಹತ್ತಿ ಗಿರಣಿ ಸಾಹುಕಾರನ ಚಾಕರಿಯಲ್ಲಿದ್ದೆ. ಬೀರಪ್ಪನ ಗುಡಿಯ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಂಡು ನೀನೇ ಹೇಳಿದೆ: "ಗದ್ದಲ ಸುರು ಆದ ದಿನಾನ ಬರ್ತೀನಿ, ಇಬ್ಬರನ್ನೂ ಹಿಂದ ಕೂಡಿಸಿಕೊಂಡು ರಾಯಚೂರಿಗೆ ಮುಟ್ಟಿಸ್ತೀನಿ." ಹೋದ ವರ್ಷ ಸಪ್ಟೆಂಬರಿನಲ್ಲಿ ಇಂಡಿಯನ್ ಯೂನಿಯನ್ ಫೌಜು ನಿಜಾಮನ ಸೀಮೆಯೊಳಗೆ ಬಂದಿತೆಂಬ ಸುದ್ದಿಗೆ ಊರೇ ಬಂಡಿ ಕಟ್ಟಿತು. ಬಂಡಿಯಲ್ಲಿ ಜಾಗವಿದೆ ಬಾ ಎಂದು ಕರೆದರೂ ಅಪ್ಪ ಹತ್ತಲಿಲ್ಲ. "ನಮ್ಮ ತಾಯಣ್ಣ ಬರ್ತಾನ" ಎಂದು ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಎರಡು ದಿನ ಕೂತ. ಮೂರನೆಯ ದಿನ ಓಡಿಹೋಗುತ್ತಿದ್ದ ರಜಾಕಾರರ ಗುಂಪು ಬಂದು ಅವನನ್ನು ಆ ಕಟ್ಟೆಯ ಮೇಲೆಯೇ ಹೊಡೆದು ಹಾಕಿತು. ಅಮ್ಮ ಸಜ್ಜೆ ಹೊಲದಲ್ಲಿ ಅವಿತು ಉಳಿದಳು.

ಮಣ್ಣಿನ ದಿನ ಬಂದ ನೀನು ನೆಂಟರೆಲ್ಲರ ಮುಂದೆ ಎದೆ ಎದೆ ಬಡಿದುಕೊಂಡು ಹೇಳಿದೆ: "ನಾ ಹೊಂಟಿದ್ದೆ, ಗದ್ವಾಲ ದಾಟೂದರಾಗ ಇವನ ಸ್ಪ್ರಿಂಗ್ ಮುರದು ಹಳ್ಳದಾಗ ಬಿದ್ದೆ!" ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣಾ, ನಾನು ನಂಬಿದೆ.

ಮೊನ್ನೆ ಫೋರ್ಕ್ ಬಿಚ್ಚಿದೆ. ಹಿತ್ತಾಳೆ ಉಂಗುರ ನನ್ನದೇ. ಕಂಬಳಿ ಸವೆದಿದೆ, ಎಣ್ಣೆ ಸೋರುವುದು ಅದಕ್ಕೇ. ಎರಡೂ ಸ್ಪ್ರಿಂಗಿನ ತುದಿಗೆ ನಾನು ಗುರುತಿಗೆಂದು ಉಳಿಯಿಂದ ಹೊಡೆದ ಮೂರು ಚುಕ್ಕೆಗಳೂ ಇವೆ. ಮುರಿಯುವುದಿರಲಿ, ಒಂದು ಸೀಳೂ ಇಲ್ಲ. ಇದು ನಮ್ಮಣ್ಣನ ಗಾಡಿಯಾಗಿತ್ತು ಎಂದು ಹೇಳಿ ನರಸಯ್ಯನನ್ನು ಕೇಳಿದೆ. "ಇದರ ಮುಂಭಾಗಕ್ಕ ಯಾರೂ ಕೈನ ಹಚ್ಚಿಲ್ಲರಿ. ಫೌಜು ಬಂದ ಮರುದಿನ ನಾ ರಾಯಚೂರಾಗ ಇದ್ದೆ. ನಿಮ್ಮಣ್ಣ ಸಾಹುಕಾರನ ಅಳಿಯನ್ನ ಹಿಂದ ಕೂಡಿಸಿಕೊಂಡು ಇದರ ಮ್ಯಾಲೇ ಬಂದ. ಗಾಡಿ ಬೆಣ್ಣಿಯಂಗ ಓಡತೈತಿ ಅಂದ, ದಸರಾಕ್ಕ ನಾನೇ ಕೊಂಡೆ" ಅಂದ.

ನೀನು ಹೆದರಿದೆ ಎಂದಿದ್ದರೆ, ಸಾಹುಕಾರ ಬಿಡಲಿಲ್ಲ ಎಂದಿದ್ದರೆ, ಒಂದು ದಿನ ಬೈದು ಕಾಲು ಹಿಡಿದು ಅತ್ತು ಸುಮ್ಮನಾಗುತ್ತಿದ್ದೆ. ಅಪ್ಪನ ಸಾವನ್ನು ತಮ್ಮನ ತಲೆಗೆ ಕಟ್ಟಿ, ಮೇಲೆ ನೀನೇ ಮುನಿಸಿಕೊಂಡು ಕೂತೆಯಲ್ಲ! ನಾಚಿಕೆಯಾಗಲಿಲ್ಲವೇ ನಿನಗೆ?

ಅತ್ತಿಗೆಗೆ ನಮಸ್ಕಾರ. ಅವರಿಗೆ ಈ ಕಾಗದ ತೋರಿಸಬೇಡ, ಅವರದೇನೂ ತಪ್ಪಿಲ್ಲ. ಬೀರಪ್ಪ ನಿನ್ನ ಮನೆಯನ್ನು ಕಾಯಲಿ.

ಇಂತಿ,
ನಿನ್ನ ಒಡಹುಟ್ಟಿದ
ನಾಗಯ್ಯ

ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ನರಸಯ್ಯ ಎಂಟು ದಿನಕ್ಕೆ ಗಾಡಿ ಬಿಟ್ಟುಕೊಟ್ಟಿದ್ದಾನೆ. ಬರುವ ಶುಕ್ರವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ನಿನ್ನ ಮನೆಗೆ ಬರುತ್ತೇನೆ. ಅವಳಿಗೆ ನಾನು ಏನೂ ಹೇಳಿಲ್ಲ. ಅವಳು ಬರುತ್ತಿರುವುದು, ತಮ್ಮನನ್ನು ಕ್ಷಮಿಸಿಬಿಡಪ್ಪಾ ಎಂದು ನಿನ್ನ ಮುಂದೆ ಸೆರಗೊಡ್ಡುವುದಕ್ಕೆ. ಅವಳು ಸೆರಗೊಡ್ಡುವ ಮುಂಚೆ ನೀನು ಬಾಯಿ ಬಿಡು.